ತೇಪೆಯ ಮಾನ

ಸೈಕಲ್ಲಿನಿಂದ ಬಿದ್ದ ಹುಡುಗನ ಮೊಣಕಾಲು ವಾರದೊಳಗೆ ಮಾಯುತ್ತದೆ. ಹರಿದ ಪ್ಯಾಂಟಿಗೆ ಆ ವಿದ್ಯೆ ಗೊತ್ತಿಲ್ಲ. ಅದನ್ನು ಟೈಲರ್ ಬಳಿ ಒಯ್ದರೆ ಅನುಭವಸ್ಥನಾದವನು ಹೊಸ ಬಟ್ಟೆ ಹುಡುಕುವುದಿಲ್ಲ. ಅದೇ ಪ್ಯಾಂಟಿನ ಕಾಲಿನ ಒಳಮಡಿಕೆ ಬಿಚ್ಚಿ ಎರಡು ಬೆರಳಗಲದ ತುಂಡು ಕತ್ತರಿಸುತ್ತಾನೆ. ಬಣ್ಣ ಹೊಂದಬೇಕಲ್ಲ! ಎಳೆ ಬಿಡದಂತೆ ಅಂಚನ್ನು ಒಳಕ್ಕೆ ಮಡಚಿ, ಸುತ್ತಲೂ ಹೊಲಿದು ಇಸ್ತ್ರಿ ಎಳೆಯುತ್ತಾನೆ. ಇಂಗ್ಲಿಷಿನ ‘ಪ್ಯಾಚ್’ ಎಂಬ ಕ್ರಿಯಾಪದದ ನೇರ ಅರ್ಥ ಇಷ್ಟೇ: ತೇಪೆ ಹಚ್ಚು.

ಆದರೆ ಅದು ಬಟ್ಟೆಯಲ್ಲೇ ನಿಂತಿಲ್ಲ. ಮುನಿಸಿಕೊಂಡ ಪ್ರೇಮಿಗಳು ‘ಪ್ಯಾಚಪ್’ ಆಗುತ್ತಾರೆ. ಸಿನಿಮಾ ಮಂದಿಯ ಗಾಂಧಿನಗರದಲ್ಲಿ ‘ಪ್ಯಾಚ್‌ವರ್ಕ್ ಬಾಕಿ’ ಅಂದರೆ ಚಿಲ್ಲರೆ ಶಾಟ್‌ಗಳು ಉಳಿದಿವೆ ಎಂದು. ಕನ್ನಡದ ತೇಪೆಯೂ ಮಾತಿಗೆ ಏರಿದೆ, ಮರ್ಯಾದೆ ಮಾತ್ರ ಕಳೆದುಕೊಂಡಿದೆ. ನಾಯಕರ ನಾಲಿಗೆ ಜಾರಿದ ಮರುದಿನ ವಕ್ತಾರರು ತೇಪೆ ಹಚ್ಚಲು ಕೂರುತ್ತಾರೆ. ಓದುಗರು ಹರುಕನ್ನೇ ನೋಡುತ್ತಾರೆ.

‘ಪ್ಯಾಚ್’ ಪದಕ್ಕೆ ಗೌರವ ತಂದದ್ದು ಕಂಪ್ಯೂಟರು. 1944ರ ಹಾರ್ವರ್ಡ್ ಮಾರ್ಕ್ 1 ಯಂತ್ರ ಆಜ್ಞೆಗಳನ್ನು ಓದುತ್ತಿದ್ದುದು ತೂತು ಕೊರೆದ ಕಾಗದದ ಪಟ್ಟಿಯಿಂದ. ತೂತು ತಪ್ಪಾಗಿದ್ದರೆ ಅದರ ಮೇಲೊಂದು ಚೂರು ಅಂಟಿಸಿ ಮುಚ್ಚುತ್ತಿದ್ದರು. ಅಕ್ಷರಶಃ ತೇಪೆ! ಪಟ್ಟಿ ಹೋಯಿತು, ಪದ ಉಳಿಯಿತು. 2003ರಿಂದ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ತನ್ನ ತಂತ್ರಾಂಶದ ಹರುಕುಗಳಿಗೆ ತೇಪೆ ಕಳಿಸುತ್ತದೆ. ಅದಕ್ಕೆ ‘ಪ್ಯಾಚ್ ಟ್ಯೂಸ್‌ಡೇ’ ಎಂದೇ ಹೆಸರು.

2017ರ ಮಾರ್ಚ್ 14ರ ಮಂಗಳವಾರ ಬಂದ ಕಂತಿನಲ್ಲಿ ವಿಂಡೋಸ್‌ನ ಒಂದು ದೊಡ್ಡ ಹರುಕಿನ ತೇಪೆಯಿತ್ತು. ಹಲವರು ‘ಆಮೇಲೆ ನೋಡೋಣ’ ಎಂದರು. 59 ದಿನ ಕಳೆದು, ಮೇ 12ರಂದು, ವನ್ನಾಕ್ರೈ ಎಂಬ ಕುತಂತ್ರಾಂಶ ಅದೇ ಹರುಕಿನಲ್ಲಿ ನುಗ್ಗಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆಗಳೂ ರದ್ದಾದವು. ಹೊಲಿಗೆ ಹಾಕಬೇಕಾದವರು ಹೊಲಿಗೆ ಹಾಕಲಾಗದೆ ನಿಂತರು.

ಇಂಗ್ಲಿಷಿನಲ್ಲಿ ಪ್ಯಾಚ್‌ವರ್ಕ್ ಅಂದರೆ ತುಂಡು ಕೂಡಿಸಿ ಹೊಲಿದ ಹಾಸು-ಹೊದಿಕೆಯೂ ಹೌದು, ನಮ್ಮ ಕೌದಿಯ ಹಾಗೆ. ಅಲ್ಲಿ ಮುಚ್ಚಬೇಕಾದ ಹರುಕೇ ಇಲ್ಲ, ಮೈಯೆಲ್ಲ ತೇಪೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತಿ ಸುತ್ತಿ ನಡುವಿನತ್ತ ಹೊಲಿಯುತ್ತ ಹೋಗುತ್ತಾರೆ. ಕೊನೆಗೆ ಮೂಲೆಗಳಿಗೆ ಮುಕ್ಕೋನದ ಮಡಿಕೆಗಳನ್ನು ಕೂರಿಸುತ್ತಾರೆ. ಅದಕ್ಕೆ ‘ಫುಲ’, ಹೂವು, ಎಂದು ಹೆಸರು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.