ಅವ್ವನ ಬಿಪಿ ಹಿಂದೆ ಇದ್ದದ್ದು

ಅವ್ವನಿಗೆ ಬಿಪಿ ಇದೆ ಅಂದಾಗ ಊರಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ಈಗ ಯಾರಿಗಿಲ್ಲ ಬಿಪಿ? ಉಪ್ಪಿನಕಾಯಿ ಬಿಡು ಅಂದರು, ಬಿಟ್ಟಳು. ಆದರೆ ಆಗ ಅವಳಿಗೆ 34 ವಯಸ್ಸು, ತೆಳ್ಳನೆ ಮೈ, ದಿನವಿಡೀ ಹೊಲದ ಕೆಲಸ.

ಬಿಪಿ ಜೊತೆಗೆ ಹೊಟ್ಟೆನೋವೂ ಬರುತ್ತಿತ್ತು. ಎಂಥಾ ನೋವು ಅಂದರೆ, ಗೋಡೆಗೆ ತಲೆ ಒತ್ತಿ ಕೂರುತ್ತಿದ್ದಳು. ಆಗ ಅಳೆದರೆ 170/110. ಒಂದು ಖಾಸಗಿ ಆಸ್ಪತ್ರೆಯವರು ಅಪೆಂಡಿಕ್ಸ್ ಅಂತ ಕೊಯ್ದರು. ಹೊಲಿಗೆ ಬಿಚ್ಚಿದ ಮೇಲೂ ನೋವು ಬಂತು. ಯಾರೋ ಮಾಟ ಅಂದರು, ನಿಂಬೆಹಣ್ಣಿಗೂ ದುಡ್ಡು ಹೋಯಿತು.

ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: ಮೂತ್ರದ ಬಣ್ಣ ಹೇಗಿರುತ್ತೆ? ನೋವು ಬಂದ ದಿನ ಅದು ಬೆಳಕಿಗೆ ಇಟ್ಟರೆ ಕೆಂಪುಗಪ್ಪಾಗುತ್ತಿತ್ತು. ಮಾದರಿಯನ್ನು ಬೆಳಕು ತಾಗದಂತೆ ಸುತ್ತಿ ಲ್ಯಾಬಿಗೆ ಕಳಿಸಿದರು. ಕಾಯಿಲೆಯ ಹೆಸರು ಪೋರ್ಫೈರಿಯಾ.

ನಮಗೆ ಅರ್ಥವಾದದ್ದು ಇಷ್ಟು. ರಕ್ತಕ್ಕೆ ಕೆಂಪು ಕೊಡುವ ಹೀಮ್ ಅನ್ನೋದು ದೇಹದಲ್ಲಿ 8 ಹಂತಗಳಲ್ಲಿ ತಯಾರಾಗುತ್ತದೆ. ಅವ್ವನಲ್ಲಿ 3ನೇ ಹಂತದ ಕಿಣ್ವ ಸುಮಾರು ಅರ್ಧದಷ್ಟೇ ಇದೆ. ಒತ್ತಡ ಬಿದ್ದಾಗ ಅರ್ಧಕ್ಕೆ ನಿಂತ ಸರಕು ಪಿತ್ತಜನಕಾಂಗದಿಂದ ರಕ್ತಕ್ಕೆ ಸೇರಿ ನರಗಳನ್ನು ಕೆಣಕುತ್ತದೆ. ಹೊಟ್ಟೆನೋವು, ಎದೆಬಡಿತ, ಏರುವ ಬಿಪಿ ಎಲ್ಲಾ ಅದರದ್ದೇ. ಮತ್ತೆ ಮತ್ತೆ ಹೀಗಾದರೆ ಬಿಪಿ ಕಾಯಂ ಆಗಿ ಉಳಿಯಬಹುದು, ಮೂತ್ರಪಿಂಡವೂ ಸವೆಯಬಹುದು. ಹಾಗಾಗಿ ನೋವಿಲ್ಲದ ತಿಂಗಳಲ್ಲೂ ಸಬ್‌ಸೆಂಟರಿಗೆ ಹೋಗಿ ಬಿಪಿ ನೋಡಿಸುತ್ತೇವೆ, ಆಗಾಗ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುತ್ತೇವೆ.

ಒತ್ತಡ ಅಂದರೆ ಏನು? ಉಪವಾಸವೂ ಒಂದು! ಶ್ರಾವಣ ಸೋಮವಾರ ಬಿಡು ಅಂತ ಅವ್ವನನ್ನು ಒಪ್ಪಿಸೋದು ಗುಳಿಗೆ ನುಂಗಿಸೋದಕ್ಕಿಂತ ಕಷ್ಟವಾಯಿತು. ಹೆಂಡವೂ ಕೆಟ್ಟದ್ದು, ಅದು ನಮ್ಮನೆಯಲ್ಲಿ ಅಪ್ಪನ ಪಾಲು. ಕೆಲವು ಔಷಧಿಗಳೂ ಆಗಿಬರಲ್ಲ: ಸಲ್ಫಾ ಗುಳಿಗೆ, ಫಿಟ್ಸಿನ ಫೆನಿಟಾಯಿನ್. ಜಾತ್ರೆ, ಮದುವೆ ಅಂತ ಮುಟ್ಟು ಮುಂದೂಡಲು ಹೆಂಗಸರು ಅಂಗಡಿಯಲ್ಲೇ ಕೇಳಿ ತರುವ ಗುಳಿಗೆಯೂ ಅಷ್ಟೇ. ಬಿಪಿ ಗುಳಿಗೆಯನ್ನೂ ಪಟ್ಟಿ ನೋಡಿಯೇ ಬರೆಯಬೇಕು. ಅವ್ವನ ಸಂಚಿಯಲ್ಲಿ ಎಲೆ ಅಡಿಕೆ ಜೊತೆ ಆ ಪಟ್ಟಿ ಮಡಚಿಕೊಂಡು ಇರುತ್ತದೆ. ನೋವು ಶುರುವಾದರೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕುತ್ತಾರೆ. ಜೋರಾದರೆ ಹೀಮಿನ್ ಅನ್ನೋ ಚುಚ್ಚುಮದ್ದು ಬೇಕು, ಅದು ದುಬಾರಿ.

ಇದು ವಂಶದಲ್ಲಿ ಬರುವ ಕಾಯಿಲೆ. ನಾವು ಮೂವರು ಮಕ್ಕಳು, ಒಬ್ಬೊಬ್ಬರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದರೂ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗೋದಿಲ್ಲವಂತೆ. ಆದರೆ ನೋವು ಕಾಣಿಸಿಕೊಳ್ಳೋದು ಹೆಂಗಸರಲ್ಲೇ ಹೆಚ್ಚು. ತಂಗಿಗೆ ಗಂಡು ನೋಡುತ್ತಿದ್ದೇವೆ. ಪರೀಕ್ಷೆ ಮದುವೆ ಆದಮೇಲೆ ಮಾಡಿಸೋಣ, ಈಗ ಊರಿಗೆ ಯಾಕೆ ಗೊತ್ತಾಗಬೇಕು ಅನ್ನುತ್ತಾನೆ ಅಪ್ಪ. ಬಸಿರಿನಲ್ಲಿ ಯಾವ ಡಾಕ್ಟರೋ ಯಾವ ಗುಳಿಗೆಯೋ ಕೊಟ್ಟರೆ ಯಾರು ಹೊಣೆ ಅನ್ನುತ್ತಾಳೆ ಅವ್ವ. ನಾವು ಅವ್ವನ ಕಡೆ.

ಮೊನ್ನೆ ತಂಗಿ ತಾನೇ ಹೇಳಿದಳು: "ಗಂಡಿನ ಮನೆಯವರು ಬಂದಾಗ ನಾನೇ ಹೇಳ್ತೀನಿ, ನೀವು ಸುಮ್ಮನಿರಿ." ರಕ್ತ ಕೊಡಲು ಸೋಮವಾರ ಹೊರಟಿದ್ದೇವೆ.