ಬೇಲಿಯ ಅಗ್ನಿಶಿಖೆ

ಗೌರೀಹಬ್ಬದ ಆಸುಪಾಸಿನಲ್ಲಿ ನಮ್ಮ ಸೀಮೆಯ ಕುರುಚಲು ಕಾಡುಗಳಲ್ಲಿಯೂ ಹೊಲದ ಬೇಲಿಗಳಲ್ಲಿಯೂ ಒಂದು ಬಳ್ಳಿಯು ಹೂಬಿಡುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಹೂವು ನೆಲದ ಕಡೆಗೆ ಮುಖಮಾಡಿದ್ದರೂ ಅದರ ಆರು ದಳಗಳು ಉರಿಯ ನಾಲಗೆಗಳಂತೆ ಮೇಲಕ್ಕೆ ಮಡಿಚಿಕೊಂಡಿರುವುವು. ಮೊದಲು ಹಸುರು, ಬಳಿಕ ಹಳದಿ, ಕಡೆಗೆ ಕೆಂಪು. ಜನರು ಇದನ್ನು ಗೌರೀಹೂವೆಂದೂ ಕೋಳಿಕುಟುಮವೆಂದೂ ಕರೆಯುವರು. ತೋಟಗಾರರಿಗೆ ಇದು ಗ್ಲೋರಿಯೋಸಾ ಲಿಲ್ಲಿ. ಅಮರಕೋಶದ ವನೌಷಧಿವರ್ಗದಲ್ಲಿ ‘ಲಾಂಗಲಿಕೀ’, ‘ಅಗ್ನಿಶಿಖಾ’ ಎಂಬ ಹೆಸರುಗಳಿವೆ. ಪಾಠಶಾಲೆಯಲ್ಲಿ ನಾವು ಬೆಳಗಿನ ಜಾವದಲ್ಲೆದ್ದು ಅವುಗಳನ್ನು ಬಾಯಿಪಾಠ ಮಾಡಿದೆವು. ಹೂವನ್ನು ಕಂಡವನಿಗೆ ಅಗ್ನಿಶಿಖೆಯೆಂಬುದರ ಅರ್ಥವನ್ನು ಹೇಳಬೇಕಾಗಿಲ್ಲ. ಆದರೆ ಲಾಂಗಲವೆಂದರೆ ನೇಗಿಲು. ಬಳ್ಳಿಗೂ ನೇಗಿಲಿಗೂ ಏನು ಸಂಬಂಧ? ಇದರ ಉತ್ತರವು ಮಣ್ಣಿನೊಳಗಿದೆ.

ಕೆಲವು ವರ್ಷಗಳ ಕೆಳಗೆ ಬಟವಾಡಿಯ ನಮ್ಮ ಮನೆಗೆ ಸಮೀಪದಲ್ಲಿದ್ದ ಹೊಲವೊಂದು ನಿವೇಶನಗಳಾಗಿ ವಿಂಗಡವಾಯಿತು. ಜೆ.ಸಿ.ಬಿ. ಯಂತ್ರವು ಬಂದು ಒಂದೇ ದಿನದಲ್ಲಿ ಬೇಲಿಯನ್ನು ಬೇರುಸಹಿತ ಕಿತ್ತುಹಾಕಿತು. ಯಜಮಾನರ ಅನುಮತಿಯನ್ನು ಪಡೆದು ನಾನು ಆ ಮಣ್ಣಿನ ರಾಶಿಯಲ್ಲಿ ಹುಡುಕಲು, ನಾಲ್ಕು ಗೆಡ್ಡೆಗಳು ದೊರೆತವು. ಒಂದೊಂದೂ ಎರಡು ಕವಲಾಗಿ ಕೋನಾಕಾರದಲ್ಲಿ ಬಾಗಿ, ಚಿಕ್ಕ ನೇಗಿಲನ್ನೇ ಹೋಲುತ್ತಿದ್ದಿತು. ಐವತ್ತು ವರ್ಷ ನಾಲಗೆಯ ಮೇಲಿದ್ದ ಶಬ್ದವು ಅಂದು ಅಂಗೈಯ ಮೇಲೆ ಬಂದು ಕುಳಿತಿತು.

ಮನೆಯಲ್ಲಿ ಈ ಸಂತೋಷಕ್ಕೆ ಪ್ರತಿಧ್ವನಿಯು ದೊರೆಯಲಿಲ್ಲ. ಸೊಸೆಯು ಗೆಡ್ಡೆಗಳನ್ನು ನೋಡಿ, “ಮಾವನವರೇ, ಇವು ಗೆಣಸಿನ ಹಾಗೆಯೇ ಇವೆಯಲ್ಲ! ಮಗು ಅಗೆದು ಬಾಯಿಗೆ ಹಾಕಿಕೊಂಡರೆ ಗತಿಯೇನು?” ಎಂದಳು. ಆಕೆಯ ಭಯವು ನಿರಾಧಾರವಾದುದಲ್ಲ. ಈ ಗಿಡದ ಸರ್ವಾಂಗವೂ ವಿಷ, ಗೆಡ್ಡೆಯಂತೂ ಘೋರವಿಷ. ಗೆಣಸೆಂದು ಭ್ರಮಿಸಿ ತಿಂದು ಪ್ರಾಣ ಕಳೆದುಕೊಂಡವರುಂಟು. ಇದರಲ್ಲಿರುವ ಕಾಲ್ಚಿಸಿನ್ ಎಂಬ ದ್ರವ್ಯವು ಮೊದಲು ವಾಂತಿಭೇದಿಗಳನ್ನು ತಂದು, ಆಮೇಲೆ ದೇಹದ ಒಂದೊಂದು ಅಂಗವನ್ನೂ ಕೆಡಿಸುತ್ತದೆ. ಆದರೆ ಅದೇ ದ್ರವ್ಯವನ್ನು ವೈದ್ಯರು ಅತ್ಯಲ್ಪ ಪ್ರಮಾಣದಲ್ಲಿ ವಾತರಕ್ತದ ನೋವಿಗೆ ಕೊಡುವರು. ಸಸ್ಯಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸಲು ಅದರಿಂದ ಸಾಧ್ಯವೆಂದು 1937ರಲ್ಲಿ ವಿಜ್ಞಾನಿಗಳು ತೋರಿಸಿದರು. ನೆರೆಯ ತಮಿಳುನಾಡಿನಲ್ಲಿ ಇದು ರಾಜ್ಯಪುಷ್ಪ. ಅಲ್ಲಿನ ರೈತರು ಬೀಜಕ್ಕಾಗಿ ಇದನ್ನು ಹೊಲಗಳಲ್ಲಿ ಬೆಳೆಯುವರು. ನಮ್ಮ ಆಯುರ್ವೇದವೂ ಲಾಂಗಲಿಯನ್ನು ಉಪವಿಷಗಳಲ್ಲಿ ಎಣಿಸಿ, ಶೋಧನೆ ಮಾಡದೆ ಬಳಸಕೂಡದೆಂದು ವಿಧಿಸಿದೆ.

ಶಾಸ್ತ್ರವೆಲ್ಲವನ್ನೂ ಕೇಳಿದ ಮೇಲೆ ಸೊಸೆಯು ಮೂರು ನಿಯಮಗಳನ್ನು ಹಾಕಿದಳು. ಗಿಡವು ಹಿತ್ತಿಲ ಮೂಲೆಯಲ್ಲಿ ತಂತಿಯ ಬೇಲಿಯೊಳಗೆ ಇರತಕ್ಕದ್ದು. ಒಂದು ಗೆಡ್ಡೆಯಾದರೂ ಎಂದಿಗೂ ಮನೆಯ ಹೊಸಿಲನ್ನು ದಾಟಿ ಒಳಕ್ಕೆ ಬರಕೂಡದು. ಮಗುವಿಗೆ ಇದರ ಹೆಸರನ್ನೂ ಕೇಡನ್ನೂ ಕಲಿಸತಕ್ಕದ್ದು. ಮೂರನೆಯದು ನನ್ನ ಹಳೆಯ ಕಸುಬೇ ಆದುದರಿಂದ ಸಂತೋಷದಿಂದ ಒಪ್ಪಿದೆನು.

ಬೆಳೆಸುವ ಕ್ರಮವು ಕಷ್ಟವಾದುದಲ್ಲ. ನೀರು ನಿಲ್ಲದ ಕೆಮ್ಮಣ್ಣಿಗೆ ಮರಳನ್ನು ಬೆರೆಸಿ, ಮೊದಲ ಮಳೆಗಳಾದ ಬಳಿಕ ಗೆಡ್ಡೆಯನ್ನು ಎರಡು ಮೂರು ಅಂಗುಲದ ಆಳದಲ್ಲಿ ಅಡ್ಡಲಾಗಿ ಮಲಗಿಸಬೇಕು. ಕವಲಿನ ತುದಿಯಲ್ಲಿ ಒಂದೇ ಒಂದು ಮೊಳಕೆಯ ಕಣ್ಣಿರುವುದು. ಅದು ಮುರಿದರೆ ಆ ಕವಲಿನಿಂದ ಬಳ್ಳಿಯನ್ನು ಎದುರುನೋಡುವಂತಿಲ್ಲ. ಗೆಡ್ಡೆಯನ್ನು ಕೈಚೀಲವಿಲ್ಲದೆ ಮುಟ್ಟಬಾರದು. ಎಲೆಯ ತುದಿಯೇ ಸುರುಳಿಯಾಗಿ ಆಧಾರವನ್ನು ಹಿಡಿದುಕೊಳ್ಳುವುದರಿಂದ ಪಕ್ಕದಲ್ಲಿ ನಾಲ್ಕು ಒಣಗಿದ ಕೊಂಬೆಗಳನ್ನು ನೆಟ್ಟರೆ ಸಾಕು. ಹೂವು ಮುಗಿದು ಚಳಿಗಾಲ ಬರುತ್ತಲೂ ಬಳ್ಳಿಯು ಒಣಗುವುದು. ಹಳೆಯ ಗೆಡ್ಡೆಯು ತನ್ನ ಸಾರವನ್ನೆಲ್ಲ ಕೊಟ್ಟು ಕರಗಿಹೋಗಿ, ಹೊಸ ಗೆಡ್ಡೆಯು ಬೇಸಗೆಯನ್ನು ನಿದ್ರೆಯಲ್ಲಿ ಕಳೆಯುವುದು. ಆಗ ನೀರೆರೆಯಬಾರದು. ಈ ಕಾಲದಲ್ಲಿ ಗೆಡ್ಡೆಗಳನ್ನು ಅಗೆದು ತೆಗೆದಿಡುವ ಪದ್ಧತಿಯುಂಟು. ನಮ್ಮ ಮನೆಯ ಎರಡನೆಯ ನಿಯಮಕ್ಕೆ ಅದು ವಿರುದ್ಧವಾದುದರಿಂದ ನಾನು ನೆಲದಲ್ಲಿಯೇ ಬಿಡುತ್ತೇನೆ.

ಎರಡನೆಯ ಮಳೆಗಾಲದಲ್ಲಿ ಹೂಗಳು ಬಂದವು. ಹಬ್ಬದ ದಿನ ಸೊಸೆಯೇ ತಂತಿಯ ಬಾಗಿಲನ್ನು ತೆಗೆದು, ಗೌರಿಗೆಂದು ಎರಡು ಹೂಗಳನ್ನು ಕೊಯ್ದು, ನಲ್ಲಿಯಲ್ಲಿ ಕೈತೊಳೆದುಕೊಂಡು ಒಳಕ್ಕೆ ಹೋದಳು. ಮೊಮ್ಮಗನು ನೆರೆಮನೆಯ ಹುಡುಗರಿಗೆ, “ಇದು ಅಗ್ನಿಶಿಖೆ, ನೋಡಬಹುದು, ತಿನ್ನಬಾರದು” ಎಂದು ಪಾಠ ಹೇಳುತ್ತಿದ್ದನು.

ಹಿಂದೆ ಇಂತಹ ಬೇಲಿಗಳ ನಡುವೆಯೇ ದನಗಾಹಿ ಹುಡುಗರು ಬೆಳೆದರು. ಯಾವ ಕಾಯಿ ತಿನ್ನತಕ್ಕದ್ದು, ಯಾವುದು ಕೊಲ್ಲತಕ್ಕದ್ದು ಎಂಬುದನ್ನು ಹಿರಿಯರು ಅವರಿಗೆ ಬೆರಳುಮಾಡಿ ತೋರಿಸುತ್ತಿದ್ದರು. ಈಗ ಬೇಲಿ ಹೋಗಿ ಸಿಮೆಂಟಿನ ಗೋಡೆ ಬಂದಿದೆ. ಗಿಡದೊಡನೆ ಆ ಅರಿವೂ ಹೋಗುತ್ತಿದೆ. ಹೆಸರು ತಿಳಿದ ವಿಷಕ್ಕಿಂತ ಹೆಸರು ತಿಳಿಯದ ವಿಷವೇ ಹೆಚ್ಚು ಭಯಂಕರವೆಂದು ನನ್ನ ಅಭಿಪ್ರಾಯ.

ಆದರೂ ತೊದಲುಮಾತಿನ ಕೂಸುಗಳೂ ಬಿಟ್ಟು ಮೇಯಿಸುವ ದನಕರುಗಳೂ ಇರುವ ಮನೆಯವರು ಇದನ್ನು ಬೆಳೆಸದಿರುವುದೇ ಲೇಸು. ಬೆಳೆಸಬಯಸುವವರು ದೇವರಾಯನದುರ್ಗದ ಕಾಡಿಗೆ ಗುದ್ದಲಿಯನ್ನು ಒಯ್ಯದಿರಲಿ. ಅಲ್ಲಿನದು ಅಲ್ಲಿಯೇ ಇರಲಿ. ಹೇಗೂ ನಾಶವಾಗಲಿರುವ ಬೇಲಿಯು ಕಣ್ಣಿಗೆ ಬಿದ್ದರೆ, ಯಜಮಾನರನ್ನು ಕೇಳಿ ಒಂದೆರಡು ಗೆಡ್ಡೆಗಳನ್ನು ಉಳಿಸಿಕೊಳ್ಳಲಿ.