ಕೂರದ ರ‍್ಯಾಮು

ಊರಲ್ಲಿ ಇಂಜಿನಿಯರ್ ಅಂತ ಹೆಸರು ತಗೊಂಡವನ ಮರ್ಯಾದೆ ಹೋಗೋಕೆ ಒಂದು ಸಣ್ಣ ಕಚ್ಚು ಸಾಕು. ನನ್ನದು ಹೋದ ದೀಪಾವಳಿಯಲ್ಲಿ ಹೋಯಿತು.

ತಿಪಟೂರು ಕಡೆಯ ನಮ್ಮ ಹಳ್ಳಿಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. 2008ರಲ್ಲಿ, ನಾನು ಬಿಇ ಓದುವಾಗ, ಅಪ್ಪ ಕೊಡಿಸಿದ್ದು. ನಮ್ಮಲ್ಲಿ ಕಾಯಿ ಅಟ್ಟಕ್ಕೆ ಹಾಕಿದರೆ ಅದು ಉಂಡೆ ಕೊಬ್ಬರಿ ಆಗೋಕೆ ಹೆಚ್ಚೂಕಮ್ಮಿ ಒಂದು ವರ್ಷ ಬೇಕು. ಆ ವರ್ಷದ ಕೊಬ್ಬರಿ ದುಡ್ಡೆಲ್ಲ ಈ ಡಬ್ಬಕ್ಕೆ ಸುರಿದರು. ಅಮ್ಮನ ಓಲೆ ಮುಂದಿನ ವರ್ಷಕ್ಕೆ ಹೋಯಿತು.

ಅದರಲ್ಲಿದ್ದದ್ದು 1 ಜಿಬಿ ರ‍್ಯಾಮ್. ಈಗ ಅಕ್ಕನ ಮಗಳು ಅದರಲ್ಲೇ ಪಾಠದ ವಿಡಿಯೋ ನೋಡಬೇಕು. ಎರಡು ಪುಟ ತೆರೆದರೆ ಮೂರನೆಯದಕ್ಕೆ ಉಸಿರು ನಿಲ್ಲುತ್ತೆ. ‘ಅದಕ್ಕೇನಂತೆ, ರ‍್ಯಾಮ್ ಹಾಕಿದ್ರಾಯ್ತು’ ಅಂತ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 4 ಜಿಬಿಯ ಡಿಡಿಆರ್3 ತಗೊಂಡು ಊರಿಗೆ ಹೋದೆ.

ಕೂರಲಿಲ್ಲ. ಡಿಡಿಆರ್2ಗೂ 240 ಪಿನ್ನು, ಡಿಡಿಆರ್3ಕ್ಕೂ 240 ಪಿನ್ನು. ಆದರೆ ನಡುವಿನ ಕಚ್ಚು ಇರೋ ಜಾಗ ಬೇರೆ. ಕೋಡ್ ಬರೆಯೋನು ಕವರ್ ಬಿಚ್ಚಿ ನೋಡಿದ್ದು ಎಷ್ಟು ಸಲ ಹೇಳಿ?

‘ಒಸಿ ಒತ್ತಿ ನೋಡ್ಲಾ ಮಗ’ ಅಂದರು ಅಪ್ಪ. ಒತ್ತಬಾರದು. ಆ ಕಚ್ಚು ಇರೋದೇ ತಪ್ಪಾದದ್ದು ಕೂರದಿರಲಿ ಅಂತ. ಡಿಡಿಆರ್2ಗೆ 1.8 ವೋಲ್ಟ್, ಡಿಡಿಆರ್3ಕ್ಕೆ 1.5 ವೋಲ್ಟ್, ಮಾತಾಡೋ ರೀತಿಯೂ ಬೇರೆ. ರ‍್ಯಾಮ್ ಜೊತೆ ಮಾತಾಡೋದು ಮೆಮೊರಿ ಕಂಟ್ರೋಲರ್. ಈಗಿನ ಯಂತ್ರಗಳಲ್ಲಿ ಅದು ಪ್ರೊಸೆಸರ್ ಒಳಗೇ ಇರುತ್ತೆ. ನಮ್ಮನೇದರಲ್ಲಿ ಬೋರ್ಡಿಗೆ ಬೆಸೆದ ಇಂಟೆಲ್ ಜಿ31 ಚಿಪ್‌ಸೆಟ್‌ನಲ್ಲಿದೆ. ಅದಕ್ಕೆ ಡಿಡಿಆರ್3 ಭಾಷೆ ಬರಲ್ಲ. ಸಾಫ್ಟ್‌ವೇರ್ ಹಾಕಿ ಕಲಿಸೋಕೂ ಆಗಲ್ಲ.

‘ಹಂಗಾದ್ರೆ ಬೋರ್ಡ್ ಬದಲಾಯ್ಸು.’

‘ಈಗಿನ ಬೋರ್ಡ್ ಹಾಕಿದ್ರೆ ಪ್ರೊಸೆಸರ್ರೂ ಬದಲಾಯಿಸ್ಬೇಕಾಗುತ್ತೆ, ರ‍್ಯಾಮೂ.’

‘ಮತ್ತೆ ಉಳಿಯೋದೇನು?’

‘ಡಬ್ಬ.’

ನಕ್ಕುಬಿಟ್ಟೆ. ಅಪ್ಪ ನಗಲಿಲ್ಲ. ‘ಎಸೆದುಬಿಡಿ, ಹೊಸ ಲ್ಯಾಪ್‌ಟಾಪ್ ಕಳಿಸ್ತೀನಿ’ ಅಂದೆ. ಅವರು ಮಾತಾಡದೆ ತೋಟಕ್ಕೆ ಹೋದರು. ಅಮ್ಮ ಒಳಗಿಂದ, ‘ಅದರ ಮೇಲೆ ಇವತ್ತಿಗೂ ದಿನಾ ಬಟ್ಟೆ ಹೊದಿಸ್ತಾರೆ ಕಣಪ್ಪ’ ಅಂದಳು. ಅಷ್ಟು ವರ್ಷ ಸಂಬಳ ತಗೊಂಡ ನನಗೆ ಅದರ ಬೆಲೆ ಮರೆತೇಹೋಗಿತ್ತು. ನಾಚಿಕೆಯಾಯ್ತು.

ರಾತ್ರಿ ಕೂತು ಬೋರ್ಡಿನ ಮೇಲಿನ ನಂಬರ್ ಹುಡುಕಿ ಓದಿದೆ. ಸ್ಲಾಟ್ ಎರಡು, ಒಟ್ಟು 4 ಜಿಬಿವರೆಗೆ ಹಾಕಬಹುದು. ಅದರಾಚೆ ಏನೇ ಮಾಡಿದರೂ ಇಲ್ಲ. ಆದರೆ 1ರಿಂದ 4ರವರೆಗೆ ದಾರಿ ಇದೆಯಲ್ಲ! ಮುಂದಿನ ಸಲ ಹೋಗುವಾಗ 2 ಜಿಬಿಯ ಎರಡು ಸೆಕೆಂಡ್ ಹ್ಯಾಂಡ್ ಡಿಡಿಆರ್2, ಒಂದು ಸಣ್ಣ ಎಸ್ಎಸ್‌ಡಿ ತಗೊಂಡುಹೋದೆ. 2014ರಲ್ಲೇ ಮೈಕ್ರೋಸಾಫ್ಟ್ ಕೈಬಿಟ್ಟ ಎಕ್ಸ್‌ಪಿ ತೆಗೆದು ಹಗುರವಾದ ಲಿನಕ್ಸ್ ಹಾಕಿದೆ. ಓಡುತ್ತೆ ಅನ್ನಲಾರೆ, ನಡೆಯುತ್ತೆ. ಪಾಠ ನಿಲ್ಲದೆ ಬರುತ್ತೆ, ಅಷ್ಟು ಸಾಕು.

ನೀವೂ ಹಳೇ ಯಂತ್ರಕ್ಕೆ ರ‍್ಯಾಮ್ ಹಾಕೋ ಯೋಚನೆಯಲ್ಲಿದ್ದರೆ ಮೊದಲು ಅಂಗಡಿಗೆ ಹೋಗಬೇಡಿ, ಕವರ್ ಬಿಚ್ಚಿ. ಬೋರ್ಡ್ ಯಾವುದು, ಯಾವ ಜಾತಿಯ ರ‍್ಯಾಮ್, ಎಷ್ಟು ಸ್ಲಾಟ್, ಗರಿಷ್ಠ ಎಷ್ಟು? ಈ ನಾಲ್ಕು ಬರೆದುಕೊಂಡು ಹೊರಡಿ. ವಿಂಡೋಸ್ 32 ಬಿಟ್‌ನದಾದರೆ 4 ಜಿಬಿ ಹಾಕಿದರೂ ಪೂರ್ತಿ ಸಿಗಲ್ಲ, ಅದೂ ನೆನಪಿರಲಿ.

ಆ ಕೂರದ ಡಿಡಿಆರ್3ನ ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಅಪ್ಪ ಅದನ್ನ ಪೇಪರಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಾರೆ. ‘ಇರ್ಲಿ ಬಿಡ್ಲಾ, ಯಾವುದಕ್ಕಾದ್ರೂ ಆಯ್ತದೆ.’